ಅಪ್ಪಯ್ಯನ ಎರಡು ಕ್ಯಾಂಟೀನು

ಕಳೆದ ಮೇ ರಜೆಗೆ ಪುಣೆಯಿಂದ ಮೊಮ್ಮಗಳು ಬಂದಿದ್ದಳು. ನಾನು ನೀರುದೋಸೆ ಹೊಯ್ಯುತ್ತಿದ್ದೆ. ಕೈಯಲ್ಲೊಂದು ಇಂಗ್ಲಿಷ್ ಕಥೆಪುಸ್ತಕ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಅಮ್ಮಮ್ಮ, ಇಲ್ಲೊಬ್ಬ ಕುದುರೆ ಸವಾರ ಕ್ಯಾಂಟೀನನ್ನ ಹೆಗಲಿಗೆ ಹಾಕ್ಕೊಂಡು ಹೊರಟ ಅಂತ ಇದೆ. ಕ್ಯಾಂಟೀನ್ ಅಂದ್ರೆ ಇಡ್ಲಿ, ವಡೆ ಸಿಗೋ ಜಾಗ ಅಲ್ವಾ? ಅದನ್ನ ಹೆಗಲಿಗೆ ಹೇಗೆ ಹಾಕ್ಕೊಳ್ಳೋದು?"

ನಗು ಬಂತು. ಒಲೆ ಸಣ್ಣ ಮಾಡಿ, ಬೀರುವಿನ ಮೇಲಿದ್ದ ತಗಡಿನ ಪೆಟ್ಟಿಗೆ ಇಳಿಸಿ, ಅದರಲ್ಲಿದ್ದ ನಮ್ಮ ಅಪ್ಪಯ್ಯನ ನೀರಿನ ಬಾಟಲಿಯನ್ನು ಅವಳ ಕೈಗಿಟ್ಟೆ. ಅಲ್ಯೂಮಿನಿಯಮ್ಮಿನದು. ಮೇಲೆ ಖಾಕಿ ಬಣ್ಣದ ಉಣ್ಣೆಯ ದಪ್ಪ ಬಟ್ಟೆ ಹೊಲಿದಿದೆ, ಅಲ್ಲಲ್ಲಿ ನುಸಿ ತಿಂದಿದೆ. ಬಿರಡೆಯನ್ನು ಕಟ್ಟಿದ್ದ ದಾರ ಮಾತ್ರ ನನ್ನ ಅಮ್ಮ ಬದಲಾಯಿಸಿದ್ದು. "ಇದೂ ಕ್ಯಾಂಟೀನೇ" ಅಂದೆ. ಇದನ್ನು ಇಟ್ಟುಕೊಂಡಿದ್ದವರು ಬದುಕೆಲ್ಲ ಕಳೆದದ್ದು ಇನ್ನೊಂದು ಬಗೆಯ ಕ್ಯಾಂಟೀನಿನಲ್ಲಿ ಎಂಬುದನ್ನು ಅವಳಿಗೆ ಹೇಳಲು ಹೋಗಿ, ನನಗೇ ಎಷ್ಟೋ ಗೊತ್ತಿಲ್ಲ ಎಂದು ಅನ್ನಿಸಿತು. ಆಮೇಲೆ ಓದಿದ್ದು, ಕೇಳಿದ್ದು, ನೆನಪಿದ್ದದ್ದು ಎಲ್ಲ ಸೇರಿಸಿ ಈ ಸಂಚಿಕೆಗಾಗಿ ಬರೆದಿದ್ದೇನೆ.

ಮೊದಲು ಶಬ್ದದ ಕಥೆ. ಇಟಾಲಿಯನ್ ಭಾಷೆಯಲ್ಲಿ 'ಕಾಂತೀನಾ' ಎಂದರೆ ನೆಲಮಾಳಿಗೆ, ದ್ರಾಕ್ಷಾರಸ ಇಡುವ ತಂಪಾದ ಕೋಣೆ. ಅದು ಫ್ರೆಂಚರ ಬಾಯಲ್ಲಿ 'ಕಾಂತೀನ್' ಆಗಿ, ಅಲ್ಲಿಂದ ಇಂಗ್ಲಿಷರಿಗೆ ಬಂತು. ಸೈನಿಕರು ಬೀಡುಬಿಟ್ಟ ಕಡೆ ಪಾನೀಯ, ತಿಂಡಿ, ಸಣ್ಣಪುಟ್ಟ ಸಾಮಾನು ಮಾರುವ ಅಂಗಡಿಗೆ ಕ್ಯಾಂಟೀನ್ ಎಂದರು. ದಂಡಯಾತ್ರೆಯಲ್ಲಿ ಅಧಿಕಾರಿಗಳು ಒಯ್ಯುತ್ತಿದ್ದ ಪಾತ್ರೆ, ಚಮಚಗಳ ಪೆಟ್ಟಿಗೆಗೂ ಅದೇ ಹೆಸರು. ಸಿಪಾಯಿ ಹೆಗಲಿಗೆ ನೇತುಹಾಕುವ ನೀರಿನ ಬಾಟಲಿಗೂ ಅದೇ ಹೆಸರು. ಒಟ್ಟಿನಲ್ಲಿ ಮನೆ ಬಿಟ್ಟು ಹೊರಟವರ ಹಸಿವು ಬಾಯಾರಿಕೆಗೆ ಸಂಬಂಧಪಟ್ಟದ್ದಕ್ಕೆಲ್ಲ ಒಂದೇ ಮಾತು. ಬಾಟಲಿಯ ಅರ್ಥ ಅಮೆರಿಕದ ಇಂಗ್ಲಿಷಿನಲ್ಲಿ ಹೆಚ್ಚು ಬಳಕೆಯಲ್ಲಿದೆ. ನಮ್ಮ ಕನ್ನಡಕ್ಕೆ ಬಂದು ನೆಲೆಯಾದದ್ದು ತಿಂಡಿಯ ಕ್ಯಾಂಟೀನ್ ಮಾತ್ರ.

ಹಾಗೆಂದು ನೀರು ಹೊತ್ತು ನಡೆಯುವುದು ನಮಗೇನೂ ಹೊಸದಲ್ಲ. ಒಣಗಿಸಿ ತಿರುಳು ತೆಗೆದ ಸೋರೆಬುರುಡೆ, ಸನ್ಯಾಸಿಯ ಕಮಂಡಲು, ಪ್ರಯಾಣದ ತಂಬಿಗೆ, ಚರ್ಮದ ಚೀಲದಲ್ಲಿ ನೀರು ಹೊರುತ್ತಿದ್ದ ಭಿಸ್ತಿ, ಇವೆಲ್ಲ ನಮ್ಮಲ್ಲಿದ್ದವು. ಲಾರಿ, ಜೀಪುಗಳ ಮುಂದೆ ದಪ್ಪ ಕ್ಯಾನ್ವಾಸಿನ ನೀರಿನ ಚೀಲ ತೂಗಾಡುತ್ತಿದ್ದದ್ದು ನನ್ನ ವಯಸ್ಸಿನವರಿಗೆ ನೆನಪಿರಬಹುದು. ಮಹಾರಾಷ್ಟ್ರದಲ್ಲಿ ಅದಕ್ಕೆ 'ಛಾಗಲ್' ಎನ್ನುತ್ತಾರೆ. ಚೀಲದಿಂದ ಜಿನುಗಿದ ನೀರು ಗಾಳಿಗೆ ಆರುವಾಗ ಒಳಗಿನ ನೀರಿನ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ, ಮಣ್ಣಿನ ಹೂಜಿಯ ಹಾಗೆಯೇ. ಮಿಲಿಟರಿ ಬಾಟಲಿಗೆ ಉಣ್ಣೆ ಬಟ್ಟೆ ಹೊಲಿಯುವುದೂ ಇದೇ ಕಾರಣಕ್ಕೆ: ಬಟ್ಟೆ ಒದ್ದೆ ಮಾಡಿದರೆ ನೀರು ತಂಪು. ಆದರೆ ಇದು ನಡೆಯುವುದು ಒಣಗಾಳಿಯ ಊರುಗಳಲ್ಲಿ. ಅಪ್ಪಯ್ಯ ಹೇಳುತ್ತಿದ್ದರು: "ಸೊಲ್ಲಾಪುರದಂಗೆ ಇದ್ ಫ್ರಿಜ್ಜೇ. ಮುಂಬೈಯಂಗೆ ಬಟ್ಟಿ ನಾವೇ ಒಣ್ಗುದಿಲ್ಲ, ಇದ್ ಎಲ್ಲಿ ಒಣ್ಗತ್ತ್!"

ಮಿಲಿಟರಿಯ ಕ್ಯಾಂಟೀನಿಗೂ ನಮ್ಮ ಮುಂಬಯಿಗೂ ದೊಡ್ಡ ನಂಟಿದೆ. ಬ್ರಿಟಿಷರ ಕಾಲದಲ್ಲಿ ಸೈನ್ಯಕ್ಕೆ ಸಾಮಾನು ಒದಗಿಸಲು ಗುತ್ತಿಗೆದಾರರಿದ್ದರು. ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ, ಸರಕಾರವೇ ಅದನ್ನು ಕೈಗೆತ್ತಿಕೊಂಡಿತು. ಸ್ವಾತಂತ್ರ್ಯ ಬಂದ ಮೇಲೆ, 1948ರ ಜನವರಿ 1ರಂದು, ಕ್ಯಾಂಟೀನ್ ಸ್ಟೋರ್ಸ್ ಡಿಪಾರ್ಟ್‌ಮೆಂಟ್ ಆರಂಭವಾಯಿತು. ಅದರ ಮುಖ್ಯ ಕಚೇರಿ ಮುಂಬಯಿಯಲ್ಲೇ. ಕೊಡಗಿನ ಕಡೆಯ ನಮ್ಮ ಸದಸ್ಯೆಯರ ಮನೆಗಳಲ್ಲಿ 'ಕ್ಯಾಂಟೀನ್ ಕಾರ್ಡ್' ಎಂದರೆ ಏನೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ ಕಂಬಳಿ, ಬೂಟು, ಬಾಟಲಿಗಳು ಪೇಟೆಗೆ ಬಂದವು. ಅಂಥದೊಂದು ಬಾಟಲಿ ಚೋರ್ ಬಜಾರಿನ ಮೂಲಕ ಹದಿಮೂರು ವರ್ಷದ ಹುಡುಗನೊಬ್ಬನ ಕೈಸೇರಿತು.

ಅಪ್ಪಯ್ಯ ಮುಂಬಯಿಗೆ ಬಂದದ್ದು 1950ರ ನವರಾತ್ರಿ ಕಳೆದ ಮೇಲೆ, ಹನ್ನೆರಡನೇ ವಯಸ್ಸಿಗೆ. ಊರು ಕುಂದಾಪುರದ ಹತ್ತಿರದ ಒಂದು ಹಳ್ಳಿ. ಮಂಗಳೂರಿನಲ್ಲಿ ಹಡಗು ಹತ್ತಿ ಭಾವುಚಾ ಧಕ್ಕಾದಲ್ಲಿ ಇಳಿದದ್ದು. ಆಗ ನಮ್ಮ ಕರಾವಳಿಗೆ ಕೊಂಕಣ ರೈಲು ಇರಲಿಲ್ಲ, ಅದು ಉದ್ದಕ್ಕೂ ಓಡತೊಡಗಿದ್ದು 1998ರಲ್ಲಿ. ಊರಿನವರೊಬ್ಬರು ಕೋಟೆ ಭಾಗದಲ್ಲಿ ಒಂದು ಆಫೀಸು ಕ್ಯಾಂಟೀನು ನಡೆಸುತ್ತಿದ್ದರು. ಅಲ್ಲಿ ಸಿಕ್ಕಿದ ಕೆಲಸ 'ಪಾನಿವಾಲಾ'. ಗಿರಾಕಿ ಬೆಂಚಿನ ಮೇಲೆ ಕೂತ ತಕ್ಷಣ ನೀರು ತಂದಿಡುವ ಹುಡುಗ. ಕ್ಯಾಂಟೀನಿನ ಮೆಟ್ಟಿಲಲ್ಲಿ ಅದು ಎಲ್ಲಕ್ಕಿಂತ ಕೆಳಗಿನದು. ಲೋಟ ತೊಳೆಯುವುದು, ಟೇಬಲ್ ಒರೆಸುವುದು, ಹೊರಗಿನ ಆಫೀಸುಗಳಿಗೆ ಚಾ ಒಯ್ಯುವ ಬಾಹರ್‌ವಾಲಾ, ಸಪ್ಲಾಯರ್, ಆಮೇಲೆ ಒಳಗಿನ ಭಟ್ಟಿ. ಕೊನೆಗೆ ಅದೃಷ್ಟ ಇದ್ದವರಿಗೆ ಗಲ್ಲಾ.

ದಿನವಿಡೀ ನೂರಾರು ಜನರಿಗೆ ನೀರು ಕೊಡುವ ಹುಡುಗರಿಗೆ ರಾತ್ರಿ ನೀರಿರುತ್ತಿರಲಿಲ್ಲ. ಅಡುಗೆಕೋಣೆಗೆ ಬೀಗ ಬೀಳುತ್ತಿತ್ತು, ಹುಡುಗರು ಹೊರಗಿನ ಪಡಸಾಲೆಯಲ್ಲಿ ಗೋಣಿ ಹಾಸಿ ಮಲಗುತ್ತಿದ್ದರು. ಒಂದು ಬೇಸಿಗೆ ಕಳೆದ ಮೇಲೆ ಅಪ್ಪಯ್ಯ ತನ್ನ ಟಿಪ್ಸಿನ ಚಿಲ್ಲರೆ ಕೂಡಿಸಿ ಒಂದೂಕಾಲು ರೂಪಾಯಿಗೆ ಆ ಬಾಟಲಿ ಕೊಂಡರಂತೆ. ಮುಂಬಯಿಯಲ್ಲಿ ಅವರು ಕೊಂಡ ಮೊದಲ ವಸ್ತು ಅದು. ರಾತ್ರಿ ಅದು ಐದು ಹುಡುಗರ ಬಾಯಿಗೆ ಸುತ್ತುತ್ತಿತ್ತು.

ಆ ಐದು ಹುಡುಗರಲ್ಲಿ ಯಾರು ಯಾವ ಜಾತಿ ಎಂದು ಒಮ್ಮೆ ನಾನು ಕೇಳಿದ್ದೆ. "ಕತ್ಲಿಯಂಗೆ ಯಾರಿಗ್ ಕಾಂತಿತ್ತ್ ಮಗಾ" ಎಂದಿದ್ದರು. ಆದರೆ ಹಗಲಿನಲ್ಲಿ ಕಾಣುತ್ತಿತ್ತು. ನಮ್ಮ ದೇಶದಲ್ಲಿ ನೀರಿನ ಚರಿತ್ರೆಯನ್ನು ಜಾತಿ ಬಿಟ್ಟು ಬರೆಯಲಾಗುವುದಿಲ್ಲ. ಬ್ರಿಟಿಷರ ಕಾಲದ ರೈಲು ನಿಲ್ದಾಣಗಳಲ್ಲಿ ಹಿಂದೂಗಳಿಗೆ ಬೇರೆ, ಮುಸಲ್ಮಾನರಿಗೆ ಬೇರೆ ನೀರು ಇಡುತ್ತಿದ್ದರು. ಮುಂಬಯಿ ಗೋವಾ ಹೆದ್ದಾರಿಯಲ್ಲಿ ಸಿಗುವ ಮಹಾಡ್‌ನ ಚವದಾರ ಕೆರೆಯಲ್ಲಿ ಡಾ. ಬಾಬಾಸಾಹೇಬ್ ಅಂಬೇಡ್ಕರರು 1927ರ ಮಾರ್ಚ್ 20ರಂದು ತಮ್ಮವರೊಂದಿಗೆ ಒಂದು ಬೊಗಸೆ ನೀರು ಕುಡಿದದ್ದು ಸತ್ಯಾಗ್ರಹವಾಯಿತು. ನಾವು ಹೆಮ್ಮೆಪಡುವ ಉಡುಪಿ ಹೋಟೆಲುಗಳ ಹಳೆಯ ಕಾಲದಲ್ಲೂ ಬ್ರಾಹ್ಮಣರಿಗೆ ಪ್ರತ್ಯೇಕ ಕೋಣೆ ಇಟ್ಟವುಗಳಿದ್ದವು. ಇದನ್ನು ಮುಚ್ಚಿಡುವುದರಿಂದ ಲಾಭವಿಲ್ಲ. ಅದೇ ಹೋಟೆಲು, ಕ್ಯಾಂಟೀನುಗಳ ಬೆಂಚಿನ ಮೇಲೆಯೇ, ಪಕ್ಕದವನು ಯಾರೆಂದು ಕೇಳದೆ ಚಾ ಕುಡಿಯುವ ಅಭ್ಯಾಸವೂ ನಗರಗಳಲ್ಲಿ ಬೆಳೆಯಿತು.

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೇ ವಿಧಿಯ ಎರಡನೇ ಭಾಗವನ್ನು ನಾನು ಈಚೆಗಷ್ಟೇ ಗಮನವಿಟ್ಟು ಓದಿದೆ. ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳದ ಕಾರಣಕ್ಕೆ ಯಾರನ್ನೂ ತಡೆಯಬಾರದ ಜಾಗಗಳನ್ನು ಅದು ಹೆಸರಿಸುತ್ತದೆ. ಮೊದಲು ಅಂಗಡಿ, ಹೋಟೆಲು, ಸಾರ್ವಜನಿಕ ಉಪಾಹಾರ ಗೃಹ. ಅದರ ಮರುಸಾಲಿನಲ್ಲೇ ಬಾವಿ, ಕೆರೆ, ಸ್ನಾನಘಟ್ಟ. ಊಟದ ಬೆಂಚು ಮತ್ತು ಕುಡಿಯುವ ನೀರು ಅಕ್ಕಪಕ್ಕ. ಅಪ್ಪಯ್ಯ ಪಾನಿವಾಲಾ ಆಗಿ ಸೇರಿದ್ದು ಅದೇ ವರ್ಷ.

ಇನ್ನು ಮುಂಬಯಿಯ ಊಟದ ಕಥೆ. 1854ರಲ್ಲಿ ಕಾವಸ್ಜಿ ದಾವರ್ ಇಲ್ಲಿ ಮೊದಲ ಹತ್ತಿಗಿರಣಿಯನ್ನು ಸ್ಥಾಪಿಸಿದರು. ಗಿರಣಿಗಳು ಹೆಚ್ಚಿದಂತೆ ಕೊಂಕಣದಿಂದ, ಘಟ್ಟದ ಮೇಲಿನಿಂದ ಗಂಡಸರು ಒಂಟಿಯಾಗಿ ಬಂದರು. ಚಾಳಿನ ಒಂದೇ ಕೋಣೆಯಲ್ಲಿ ಹತ್ತಾರು ಜನ, ಪಾಳಿಯ ಮೇಲೆ ನಿದ್ದೆ. ಅವರಿಗೆ ಅನ್ನ ಹಾಕಿದವರು ಯಾರು? ಗಿರಣಗಾಂವ್‌ನ ಹೆಂಗಸರು. ತಮ್ಮ ಕೋಣೆಯ ಮೂಲೆಯ ಒಲೆಯಲ್ಲಿ ತಿಂಗಳ ಲೆಕ್ಕಕ್ಕೆ ಊಟ ಹಾಕುತ್ತಿದ್ದರು. ಅದೇ ಖಾನಾವಳಿ. ನಮ್ಮ ಉತ್ತರ ಕರ್ನಾಟಕದವರಿಗೆ ಈ ಶಬ್ದ ಮನೆಯದೇ. ಆಮೇಲೆ ನಮ್ಮವರು ಬಂದರು. ಮದರಾಸಿನಲ್ಲಿ ಕೃಷ್ಣರಾಯರು 1938ರಲ್ಲಿ ವುಡ್‌ಲ್ಯಾಂಡ್ಸ್ ತೆರೆದರೆ, ಮಾಟುಂಗಾದಲ್ಲಿ ಎ. ರಾಮ ನಾಯಕರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಕಾಫಿಯ ಪ್ರಚಾರಕ್ಕಾಗಿ ಮೊದಲ ಇಂಡಿಯಾ ಕಾಫಿ ಹೌಸ್ 1936ರಲ್ಲಿ ಚರ್ಚ್‌ಗೇಟಿನಲ್ಲಿ ಶುರುವಾಗಿತ್ತು. 1957ರಲ್ಲಿ ಕಾಫಿ ಬೋರ್ಡು ಇಂಥ ಕಾಫಿ ಹೌಸುಗಳನ್ನು ಮುಚ್ಚಹೊರಟಾಗ ಕೆಲಸಗಾರರೇ ಸಹಕಾರ ಸಂಘ ಕಟ್ಟಿ ನಡೆಸಿದರು. ಆ ಮೊದಲ ಸಂಘ ಹುಟ್ಟಿದ್ದು ಬೆಂಗಳೂರಿನಲ್ಲಿ. ಬಡಿಸುವವರೇ ಒಡೆಯರಾದ ಇಂಥ ಉದಾಹರಣೆ ನಮ್ಮಲ್ಲಿ ವಿರಳ.

ಕ್ಯಾಂಟೀನ್ ಹುಡುಗರು ಬರಿಯ ಲೋಟ ತೊಳೆದು ಮುಗಿಸಲಿಲ್ಲ. ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಕಥೆ ನಿಮಗೆಲ್ಲ ಗೊತ್ತಿದೆ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ನಡೆಸಿದ ರಾತ್ರಿಶಾಲೆಗಳಲ್ಲಿ ದಕ್ಷಿಣ ಕನ್ನಡದ ಹೋಟೆಲ್ ಹುಡುಗರು ಓದಿ ವಕೀಲರು, ಬ್ಯಾಂಕಿನವರು, ಉದ್ಯಮಿಗಳು ಆದರು. ಅಪ್ಪಯ್ಯನೂ ಹಾಗೇ ರಾತ್ರಿಶಾಲೆಗೆ ಹೋದವರು. ಬಗಲಲ್ಲಿ ಪುಸ್ತಕ, ಹೆಗಲಲ್ಲಿ ಬಾಟಲಿ. ಎರಡು ಸಲ ಕಟ್ಟಿ ಎಸ್ಸೆಸ್ಸಿ ಪಾಸಾದರು. ಲೆಕ್ಕ ಬರೆಯಲು ಬರುತ್ತದೆ ಎಂಬ ಕಾರಣಕ್ಕೆ 1963ರಲ್ಲಿ ಒಂದು ದೊಡ್ಡ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೆಲಸ ಸಿಕ್ಕಿತು. ಅಲ್ಲೇ ಮೂವತ್ತೈದು ವರ್ಷ.

ಕಾರ್ಖಾನೆಗಳಲ್ಲಿ ಕ್ಯಾಂಟೀನು ಇರುವುದು ಮಾಲೀಕರ ಔದಾರ್ಯದಿಂದಲ್ಲ, ಕಾನೂನಿನಿಂದ. 1948ರ ಕಾರ್ಖಾನೆ ಕಾಯಿದೆಯ 46ನೇ ಕಲಮಿನ ಪ್ರಕಾರ 250ಕ್ಕಿಂತ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಯಲ್ಲಿ ಕ್ಯಾಂಟೀನು ನಡೆಸಬೇಕೆಂದು ರಾಜ್ಯ ಸರಕಾರ ನಿಯಮ ಮಾಡಬಹುದಿತ್ತು. ಅದರ ಆಡಳಿತದಲ್ಲಿ ಕೆಲಸಗಾರರ ಪ್ರತಿನಿಧಿಗಳೂ ಇರಬೇಕಿತ್ತು. ರಾಜ್ಯಗಳ ನಿಯಮಗಳಲ್ಲಿ ಊಟದ ಹಾಲಿನ ಒಂದು ಭಾಗವನ್ನು ಹೆಂಗಸರಿಗಾಗಿ ಬೇರೆ ಮಾಡಿಡಬೇಕೆಂದೂ ಇತ್ತು. ಅದೇ ಕಾಯಿದೆಯ 18ನೇ ಕಲಮು ನೀರಿನದಾಗಿತ್ತು. ಕುಡಿಯುವ ನೀರಿನ ಜಾಗದಲ್ಲಿ ಹೆಚ್ಚಿನ ಕೆಲಸಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಫಲಕ ಬರೆದಿರಬೇಕಿತ್ತು. ಶೌಚಾಲಯದಿಂದ, ಕೈತೊಳೆಯುವ ಜಾಗದಿಂದ ಅದು ದೂರವಿರಬೇಕಿತ್ತು. 250ಕ್ಕಿಂತ ಹೆಚ್ಚು ಜನರಿದ್ದರೆ ಬೇಸಿಗೆಯಲ್ಲಿ ನೀರನ್ನು ತಂಪು ಮಾಡಿ ಹಂಚಬೇಕಿತ್ತು. ಎರಡೂ ಕಲಮಿನಲ್ಲಿ ಅದೇ 250. ಇಂಗ್ಲಿಷಿನ ಒಂದು ಶಬ್ದದಲ್ಲಿದ್ದ ಎರಡು ಅರ್ಥ ನಮ್ಮ ಕಾಯಿದೆಯಲ್ಲಿ ಒಂದೇ ಸಂಖ್ಯೆಗೆ ಬಂದು ನಿಂತಂತಾಯಿತು. 2020ರಲ್ಲಿ ಸಂಸತ್ತು ಒಪ್ಪಿದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಕ್ಯಾಂಟೀನಿಗೆ ಬೇಕಾದ ಕೆಲಸಗಾರರ ಸಂಖ್ಯೆ ನೂರಕ್ಕೆ ಇಳಿದಿದೆ, ಗುತ್ತಿಗೆ ಕೆಲಸಗಾರರನ್ನೂ ಸೇರಿಸಿ.

ಆ 'ಗುತ್ತಿಗೆ ಕೆಲಸಗಾರರನ್ನೂ ಸೇರಿಸಿ' ಎಂಬ ಮಾತು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅಪ್ಪಯ್ಯನ ಹೆಸರು ಆ ಕಾರ್ಖಾನೆಯ ಮಸ್ಟರಿನಲ್ಲಿ ಒಂದು ದಿನವೂ ಇರಲಿಲ್ಲ. ಕ್ಯಾಂಟೀನು ಗುತ್ತಿಗೆಯದು. ಗುತ್ತಿಗೆದಾರರು ಅವರೇ ಇದ್ದರೂ ನಾಲ್ಕು ವರ್ಷಕ್ಕೊಮ್ಮೆ ಅವರ ಸಂಸ್ಥೆಯ ಹೆಸರು ಬದಲಾಗುತ್ತಿತ್ತು. ಹೊಸ ಹೆಸರು, ಹೊಸ ಕಾಗದ, ಹೊಸ ನೇಮಕ. ಚಿಕ್ಕವಳಿದ್ದಾಗ ನನಗೆ ಇದು ತಮಾಷೆಯಾಗಿತ್ತು. ಮದುವೆಯಾಗಿ, ಲೆಕ್ಕಪತ್ರದ ಕೆಲಸಕ್ಕೆ ಸೇರಿದ ಮೇಲೆ ಅರ್ಥವಾಯಿತು. 1972ರ ಗ್ರಾಚ್ಯುಟಿ ಕಾಯಿದೆಯಂತೆ ಗ್ರಾಚ್ಯುಟಿ ಸಿಗಬೇಕಾದರೆ ಐದು ವರ್ಷ ಸತತ ಸೇವೆ ಆಗಿರಬೇಕಿತ್ತು. ಅಪ್ಪಯ್ಯನ ಸೇವೆ ಕಾಗದದಲ್ಲಿ ಎಂದೂ ಐದು ಮುಟ್ಟಲಿಲ್ಲ.

ಇಂಥವರು ಎಷ್ಟು ಜನರೋ. ಕ್ಯಾಂಟೀನ್ ಕೆಲಸಗಾರರು ಯಾರ ಕೆಲಸಗಾರರು ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ತನಕ ಹೋಗಿದೆ. ಜೀವವಿಮಾ ನಿಗಮದ ಕ್ಯಾಂಟೀನುಗಳ ಮೊಕದ್ದಮೆಯಲ್ಲಿ 1995ರಲ್ಲಿ ಕೋರ್ಟು, ಕಾನೂನಿನ ಪ್ರಕಾರ ಇಡಲೇಬೇಕಾದ ಕ್ಯಾಂಟೀನಿನ ಕೆಲಸಗಾರರು ಆಡಳಿತದವರದೇ ಕೆಲಸಗಾರರು ಎಂಬ ನಿಲುವು ತಳೆಯಿತು. ಆದರೆ 1999ರ ಇನ್ನೊಂದು ತೀರ್ಪಿನಲ್ಲಿ, ಅವರು ಕಾರ್ಖಾನೆ ಕಾಯಿದೆಯ ಉದ್ದೇಶಕ್ಕಷ್ಟೇ ಕೆಲಸಗಾರರು, ಉಳಿದೆಲ್ಲಕ್ಕೂ ಅಲ್ಲ ಎಂದಾಯಿತು. ಅಪ್ಪಯ್ಯ ಕೆಲಸ ಬಿಟ್ಟದ್ದು ಈ ಎರಡು ತೀರ್ಪಿನ ನಡುವೆ, 1998ರಲ್ಲಿ. ಅವರಿಗೆ ಎರಡೂ ಗೊತ್ತಿರಲಿಲ್ಲ. ಕೊನೆಯ ದಿನ ಗುತ್ತಿಗೆದಾರರು ಒಂದು ಲಕೋಟೆ, ಒಂದು ಶಾಲು, ಒಂದು ತೆಂಗಿನಕಾಯಿ ಕೊಟ್ಟರು. ಕಾರ್ಖಾನೆಯ ಕೆಲಸಗಾರರು ಮಾತ್ರ ತಮ್ಮತಮ್ಮಲ್ಲೇ ಹಣ ಕೂಡಿಸಿ ಗೋಡೆ ಗಡಿಯಾರ ತಂದುಕೊಟ್ಟಿದ್ದರು. ಅದು ಈಗಲೂ ನಮ್ಮ ಮನೆಯಲ್ಲಿದೆ. ಮನೆಗೆ ಬಂದು ಶಾಲು ಮಡಚಿಡುತ್ತ ಅಪ್ಪಯ್ಯ ಹೇಳಿದ್ದು ಒಂದೇ ಮಾತು: "ಸಾಮಾನ್ ತಕಂಬುಕ್ ಮಾತ್ರ ನನ್ ಹೆಸ್ರ್ ಬರ್ಕಂತಿದ್ರ್."

ನಮ್ಮ ಅಮ್ಮನ ಹೆಸರು ಅಷ್ಟೂ ಎಲ್ಲೂ ಇಲ್ಲ. ಚಾಳಿನ ನಲ್ಲಿಗೆ ನೀರು ಬರುತ್ತಿದ್ದದ್ದು ಬೆಳಗಿನ ನಾಲ್ಕು ಗಂಟೆಗೆ, ಒಂದು ತಾಸು. ಅಮ್ಮ ಎದ್ದು ಸಾಲಿನಲ್ಲಿ ನಿಂತು ಎರಡು ಹಂಡೆ ತುಂಬಿಸಿ, ಊರಿಂದ ಬಂದ ನಾಲ್ಕು ಹುಡುಗರಿಗೂ ಸೇರಿಸಿ ಕುಚ್ಚಲಕ್ಕಿ ಅನ್ನ ಬೇಯಿಸುತ್ತಿದ್ದಳು. ತಿಂಗಳಿಗೆ ಅವರು ಕೊಡುತ್ತಿದ್ದ ದುಡ್ಡು ನನ್ನ ಶಾಲೆಯ ಫೀಸಿಗೆ ಆಗುತ್ತಿತ್ತು. 'ನಿಮ್ಮ ತಾಯಿ ಏನು ಮಾಡುತ್ತಾರೆ' ಎಂದು ಶಾಲೆಯ ಫಾರ್ಮಿನಲ್ಲಿ ಕೇಳಿದಾಗ ನಾನು 'ಮನೆಯಲ್ಲೇ' ಎಂದು ಬರೆದಿದ್ದೆ. ಖಾನಾವಳಿ ನಡೆಸುವವಳು ಎಂದು ಬರೆಯಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಈ ಹೆಂಗಸರ ದುಡಿಮೆಯನ್ನು ದುಡಿಮೆ ಎಂದು ಗುರುತಿಸಿದವರಲ್ಲಿ ಪ್ರೇಮಾ ಪುರವ್ ಮುಖ್ಯರು. ಗೋವಾ ವಿಮೋಚನೆಯ ಹೋರಾಟದಲ್ಲಿದ್ದ ಅವರು 1975ರಲ್ಲಿ ಮುಂಬಯಿಯ ಖಾನಾವಳಿ ಹೆಂಗಸರನ್ನು ಸೇರಿಸಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು. ಕಿರಾಣಿ ಅಂಗಡಿಯ ಸಾಲ, ಬಡ್ಡಿಯವರ ಕಾಟದಿಂದ ಬಿಡಿಸಿ ಬ್ಯಾಂಕಿನಿಂದ ಸಾಲ ಕೊಡಿಸಿದರು. 1982ರ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಗಿರಣಿ ಮುಷ್ಕರ ಶುರುವಾಗಿ ಸುಮಾರು ಎರಡೂವರೆ ಲಕ್ಷ ಕೆಲಸಗಾರರು ಹೊರಗೆ ನಿಂತಾಗ ಖಾನಾವಳಿಗಳ ಒಲೆಯೂ ತಣ್ಣಗಾಯಿತು. ಉಣ್ಣುವವರು ಊರಿಗೆ ಹೋದರು, ಬಾಕಿ ಲೆಕ್ಕ ಬಾಕಿಯೇ ಉಳಿಯಿತು. ಗಿರಣಿಯ ಚರಿತ್ರೆ ಬರೆಯುವಾಗ ಮಗ್ಗದ ಲೆಕ್ಕ ಸಿಗುತ್ತದೆ, ಒಲೆಯ ಲೆಕ್ಕ ಸಿಗುವುದು ಕಷ್ಟ.

ಈಗ ಕ್ಯಾಂಟೀನ್ ಎಂಬ ಮಾತಿಗೆ ಮತ್ತೆ ಗೌರವ ಬಂದಿದೆ. ಚೆನ್ನೈಯಲ್ಲಿ 2013ರಲ್ಲಿ ಅಮ್ಮಾ ಉಣವಗಂ ತೆರೆದು ರೂಪಾಯಿಗೊಂದು ಇಡ್ಲಿ ಕೊಟ್ಟರು. ಅಲ್ಲಿ ಅಡುಗೆ, ಬಡಿಸುವುದು ಸ್ವಸಹಾಯ ಸಂಘಗಳ ಹೆಂಗಸರದು. 2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನು ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟದೊಂದಿಗೆ ಶುರುವಾಯಿತು. ಮಹಾರಾಷ್ಟ್ರದಲ್ಲಿ 2020ರ ಗಣರಾಜ್ಯೋತ್ಸವಕ್ಕೆ ಶಿವಭೋಜನ ಥಾಳಿ ಹತ್ತು ರೂಪಾಯಿಗೆ ಬಂತು. ಊರು ಬಿಟ್ಟು ಬಂದ ಹುಡುಗನೊಬ್ಬ ಅಲ್ಲಿ ತಲೆ ಎತ್ತಿಕೊಂಡು ಉಣ್ಣಬಹುದು. ಇದು ಒಳ್ಳೆಯದೇ. ಆದರೆ ಇಂಥ ಕಡೆ ಹೋದಾಗ ನನ್ನ ಕಣ್ಣು ಹೋಗುವುದು ಕೌಂಟರಿನ ಆಚೆಗೆ. ಬಡಿಸುವವರ ಹೆಸರು ಯಾವ ಮಸ್ಟರಿನಲ್ಲಿದೆ, ಅವರ ಸಂಬಳ ಯಾರ ಕೈಯಿಂದ ಬರುತ್ತದೆ ಎಂದು ಕೇಳಬೇಕು ಅನ್ನಿಸುತ್ತದೆ. ಒಂದೆರಡು ಸಲ ಕೇಳಿಯೂ ಇದ್ದೇನೆ.

ಅಪ್ಪಯ್ಯ 2011ರಲ್ಲಿ ತೀರಿಕೊಂಡರು. ಕೊನೆಗಾಲದಲ್ಲಿ ಹಾಸಿಗೆ ಹಿಡಿದಿದ್ದಾಗ ಯಾರೇ ನೋಡಲು ಬಂದರೂ ಮಾತಿಗೆ ಮುಂಚೆ ಅವರು ಕೇಳುತ್ತಿದ್ದದ್ದು, "ಅವ್ರಿಗ್ ನೀರ್ ಕೊಟ್ರ್ಯಾ?" ಬಂದವರಿಗೆ ಬಾಯಾರಿದೆಯೋ ಎಂದು ಎಲ್ಲಕ್ಕಿಂತ ಮೊದಲು ನೋಡುವ ಪಾನಿವಾಲಾನ ಅಭ್ಯಾಸ ಅವರನ್ನು ಬಿಡಲಿಲ್ಲ.

ನಮ್ಮ ಮಹಿಳಾ ವೇದಿಕೆಯ ಗೆಳತಿಯರಲ್ಲಿ ಒಂದು ವಿನಂತಿ. ನಮ್ಮಲ್ಲಿ ಅನೇಕರ ಮನೆಯ ಬುಡದಲ್ಲಿ ಒಂದು ಕ್ಯಾಂಟೀನು ಇದೆ. ತಂದೆಯದೋ, ಮಾವನವರದೋ, ಅಣ್ಣನದೋ. ಅದರ ಒಡೆಯರ ಫೋಟೋ ಗೋಡೆಯ ಮೇಲಿರುತ್ತದೆ. ಅಲ್ಲಿ ಲೋಟ ತೊಳೆದವರ, ನೀರು ಕೊಟ್ಟವರ, ಮನೆಯಲ್ಲಿ ಅವರಿಗೆ ಅನ್ನ ಹಾಕಿದ ತಾಯಂದಿರ ಹೆಸರು ನೆನಪಿರುವ ಹಿರಿಯರು ಇನ್ನೂ ಇದ್ದಾರೆ. ಅವರ ಬಳಿ ಕೂತು ಕೇಳಿ ಬರೆದಿಡಿ. ಒಂದು ಹಳೆಯ ನೋಟುಪುಸ್ತಕ ಸಾಕು.

ಮೊಮ್ಮಗಳು ಪುಣೆಗೆ ಹೊರಡುವಾಗ ಆ ಬಾಟಲಿ ಬೇಕೆಂದಳು. ಒಳಗೆ ಕಪ್ಪು ಹಿಡಿದಿದೆ, ನೀರು ಕುಡಿಯಬಾರದು ಎಂದು ಹೇಳಿ ಕೊಟ್ಟೆ. ಕುಡಿಯೋದಕ್ಕಲ್ಲ, ಕ್ಲಾಸಲ್ಲಿ ತೋರಿಸೋದಕ್ಕೆ ಎಂದಳು. ವಾರದ ಮೇಲೆ ಫೋನು ಬಂತು.

"ಅಮ್ಮಮ್ಮ, ಟೀಚರ್ ಇದು ಯಾರದು ಅಂತ ಕೇಳಿದ್ರು. ಸೋಲ್ಜರ್‌ದಾ ಅಂದ್ರು. ನಾನು ಅಲ್ಲ ಅಂದೆ."

"ಮತ್ತೆ ಏನಂದೆ?"

"ಕ್ಯಾಂಟೀನಲ್ಲಿ ನೀರು ಕೊಡೋ ಹುಡುಗಂದು ಅಂದೆ."